ಡಾರ್ಟ್, ವೇಲಿಯಂಟ್, ಡಸ್ಟರ್: ಮುಂದಿನ ಡಿಸ್ಕ್ ಬ್ರೇಕನ್ನು 4 ಇಂಚಿನ ಬೋಲ್ಟ್ ವೃತ್ತದಿಂದ 4.5 ಇಂಚಿಗೆ ಬದಲಿಸುವುದು

ಕ್ರೈಸ್ಲರ್ ಕಂಪನಿಯ ಎ-ಬಾಡಿ ಕಾರುಗಳಿಗೆ, ಅಂದರೆ ಡಾಡ್ಜ್ ಡಾರ್ಟ್, ಪ್ಲಿಮತ್ ವೇಲಿಯಂಟ್, ಡಸ್ಟರ್ ಮತ್ತು ಮೊದಲ ಬರಾಕುಡಾಗಳಿಗೆ, 1965ರಿಂದ 1972ರವರೆಗೆ ಸಿಗುತ್ತಿದ್ದ ಮುಂದಿನ ಡಿಸ್ಕ್ ಬ್ರೇಕು ಕೆಲ್ಸಿ-ಹೇಯ್ಸ್‌ನ ನಾಲ್ಕು ಪಿಸ್ಟನ್ನಿನದು. ಇದರ ಚಕ್ರದ ನಟ್ ಕೂರುವ ಐದು ಸ್ಟಡ್‌ಗಳು 4 ಇಂಚು (101.6 ಮಿ.ಮೀ.) ವ್ಯಾಸದ ವೃತ್ತದ ಮೇಲೆ ಕೂರುತ್ತವೆ. ಆ ಅಳತೆಗೆ ಚಕ್ರಗಳ ಆಯ್ಕೆ ತೀರ ಕಡಿಮೆ. ಅದೇ ಕಂಪನಿಯ ದೊಡ್ಡ ಕಾರುಗಳು ಬಳಸಿದ 4.5 ಇಂಚಿನ (114.3 ಮಿ.ಮೀ.) ವೃತ್ತಕ್ಕೆ ಹೋದರೆ ಬೇಕಾದಷ್ಟು ಚಕ್ರಗಳಿವೆ. 1973ರಲ್ಲಿ ಕಂಪನಿಯೇ ಎ-ಬಾಡಿಯ ಡಿಸ್ಕ್ ಬ್ರೇಕನ್ನು ಹಾಗೆ ಬದಲಿಸಿ, ಒಂದೇ ಪಿಸ್ಟನ್ನಿನ ತೇಲುವ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೊಟ್ಟಿತು. ಆದ್ದರಿಂದ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 1973–76ರ ಕಾರಿನ ಭಾಗಗಳನ್ನು ಹಳೆಯ ಕಾರಿಗೆ ಕೂರಿಸುವುದೇ ಈ ಕೆಲಸ.

ಹೊರಗಿನಿಂದ ನೋಡಿದವರಿಗೆ ಇದು ರೋಟರ್, ಅಂದರೆ ಬ್ರೇಕಿನ ತಿರುಗುವ ಡಿಸ್ಕ್, ಬದಲಿಸುವ ಕೆಲಸದಂತೆ ಕಾಣುತ್ತದೆ. ನಿಜವಾಗಿ ಬದಲಾಗುವುದು ಚಕ್ರ ತಿರುಗುವ ಅಚ್ಚಿರುವ ಭಾಗವಾದ ಸ್ಪಿಂಡಲ್. ಹೊಸ ರೋಟರು ಹೊಸ ಸ್ಪಿಂಡಲ್ ಕೇಳುತ್ತದೆ, ಹೊಸ ಸ್ಪಿಂಡಲ್ಲು ದೊಡ್ಡ ಮೇಲಿನ ಬಾಲ್ ಜಾಯಿಂಟ್ (ಸ್ಪಿಂಡಲ್ಲನ್ನು ಹಿಡಿದು ತಿರುಗಲು ಬಿಡುವ ಗುಂಡು ಕೀಲು) ಕೇಳುತ್ತದೆ, ದೊಡ್ಡ ಬಾಲ್ ಜಾಯಿಂಟು ಬೇರೆ ಕಂಟ್ರೋಲ್ ಆರ್ಮ್ (ಆ ಕೀಲನ್ನು ಕಾರಿಗೆ ಜೋಡಿಸುವ ತೋಳು) ಕೇಳುತ್ತದೆ. ಈ ಸರಪಳಿ ಮೊದಲೇ ಗೊತ್ತಿರದವರ ಕಾರು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಸ್ಟ್ಯಾಂಡಿನ ಮೇಲೆ ವಾರಗಟ್ಟಲೆ ನಿಲ್ಲುತ್ತದೆ.

ಮೊದಲು ಅಳತೆ

ಈಗ ಕಾರಿನಲ್ಲಿರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಯಾರು ಏನು ಬದಲಿಸಿದ್ದಾರೋ ಹೇಳಲಾಗದು. ಐದು ಸ್ಟಡ್ ಇರುವಾಗ ಒಂದಕ್ಕೆ ನೇರ ಎದುರಾಗಿ ಇನ್ನೊಂದು ಇರುವುದಿಲ್ಲ, ಹಾಗಾಗಿ ವ್ಯಾಸವನ್ನು ನೇರವಾಗಿ ಅಳೆಯಲು ಆಗದು. ಅಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿಂದ ನಡುವಿಗೆ ಅಳೆಯಿರಿ. ಸುಮಾರು 59.7 ಮಿ.ಮೀ. ಬಂದರೆ ವೃತ್ತ 4 ಇಂಚಿನದು, 67.2 ಮಿ.ಮೀ. ಬಂದರೆ 4.5 ಇಂಚಿನದು. ನಡುವನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟವಾದರೆ ಒಂದು ಸ್ಟಡ್ಡಿನ ಎಡ ಅಂಚಿನಿಂದ ಪಕ್ಕದ ಸ್ಟಡ್ಡಿನ ಎಡ ಅಂಚಿಗೆ ಹಿಡಿಯಿರಿ, ಅಳತೆ ಅದೇ.

ಚಕ್ರ ಬಿಚ್ಚುವ ಮೊದಲೇ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ಎರಡೂ ಕಡೆ ಬರೆದಿಡಿ. ಮುಂಭಾಗಕ್ಕೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಶನ್ ಬಾರ್ ಸಡಿಲಿಸಿದ ಮೇಲೆ ಈ ಸಂಖ್ಯೆ ಬೇರೆಲ್ಲಿಯೂ ಸಿಗದು.

ಅಡ್ಡದಾರಿಗಳು

ಚಕ್ರ ಕೂರುವ ನಡುಭಾಗವಾದ ಹಬ್ಬಿಗೂ ಚಕ್ರಕ್ಕೂ ನಡುವೆ ಹಾಕುವ ಅಡಾಪ್ಟರ್ ಎಲ್ಲಕ್ಕಿಂತ ಸುಲಭ. ಆದರೆ ಹಳೆಯ ಸ್ಟಡ್ಡಿಗೆ ನಟ್ ಕೂರಿಸಿ ಹೊಸ ಸ್ಟಡ್ಡಿಗೂ ಜಾಗ ಕೊಡಬೇಕಾದ್ದರಿಂದ ಗಟ್ಟಿಯಾದ ಅಡಾಪ್ಟರು ಸಾಮಾನ್ಯವಾಗಿ 25 ಮಿ.ಮೀ.ಗಿಂತ ತೆಳ್ಳಗಿರುವುದಿಲ್ಲ. ಚಕ್ರ ಅಷ್ಟೂ ಹೊರಗೆ ಸರಿಯುತ್ತದೆ, ಟೈರು ಫೆಂಡರಿಗೆ ತಾಗಬಹುದು, ಸ್ಟೀರಿಂಗ್ ಭಾರವಾಗುತ್ತದೆ, ಬೇರಿಂಗ್ ಮೇಲಿನ ಹೊರೆಯೂ ಹೆಚ್ಚುತ್ತದೆ. ಹಳೆಯ ಸ್ಟಡ್ ಅಡಾಪ್ಟರಿನ ಮುಖಕ್ಕಿಂತ ಕೂದಲೆಳೆಯಷ್ಟು ಹೊರಚಾಚಿದರೂ ಚಕ್ರ ಸಮನಾಗಿ ಕೂರದು.

ಹಳೆಯ ಹಬ್ಬಿಗೇ ಹೊಸ ತೂತು ಕೊರೆಯುವುದು ಇನ್ನೊಂದು ದಾರಿ. ಹೊಸ ತೂತುಗಳನ್ನು ಹಳೆಯವುಗಳ ನಡುವೆ, 36 ಡಿಗ್ರಿ ತಿರುಗಿಸಿ ಇಟ್ಟರೆ ಹಳೆಯ ತೂತಿಗೂ ಹೊಸದಕ್ಕೂ ನಡುವಿಂದ ನಡುವಿಗೆ ಸುಮಾರು 34 ಮಿ.ಮೀ. ಸಿಗುತ್ತದೆ. ಅದು ಸಾಕು. ತೊಂದರೆ ಇರುವುದು ಹೊರ ಅಂಚಿನಲ್ಲಿ: ತೂತಿನ ನಡುವು 6.35 ಮಿ.ಮೀ. ಹೊರಗೆ ಹೋಗುತ್ತದೆ, ಸ್ಟಡ್ಡಿನ ತಲೆ ಪೂರ್ತಿ ಒರಗಲು ಫ್ಲ್ಯಾಂಜಿನಲ್ಲಿ ಲೋಹ ಉಳಿದಿರಬೇಕು. ಜೊತೆಗೆ ಈ ಬ್ರೇಕಿನಲ್ಲಿ ರೋಟರನ್ನೂ ಹಬ್ಬನ್ನೂ ಒಟ್ಟಿಗೆ ಕೊರೆಯಬೇಕು. ಬೆಂಚ್ ಡ್ರಿಲ್ಲಿನಲ್ಲಿ ಇದನ್ನು ಮಾಡಬೇಡಿ. ಮಿಲ್ಲಿಂಗ್ ಯಂತ್ರ, ಇಂಡೆಕ್ಸಿಂಗ್ ಟೇಬಲ್, ಬೇರಿಂಗ್ ಕೂರುವ ತೂತಿನಿಂದ ನಡುವು ಹಿಡಿಯುವ ಕೈ ಮೂರೂ ಇದ್ದರೆ ಮಾತ್ರ ಯೋಚಿಸಬಹುದು. ಅಷ್ಟೆಲ್ಲ ಮಾಡಿದರೂ ಉಳಿಯುವುದು ತುಕ್ಕಿಗೆ ಸುಲಭವಾಗಿ ತುತ್ತಾಗುವ ನಾಲ್ಕು ಬೋರಿನ ಹಳೆಯ ಕ್ಯಾಲಿಪರೇ. ಹಾಗಾಗಿ ಪೂರ್ಣ ಬದಲಾವಣೆಯೇ ಸರಿಯಾದ ದಾರಿ.

ಬೇಕಾದ ಭಾಗಗಳು

ಸಾಧ್ಯವಾದರೆ ಎಲ್ಲವನ್ನೂ 1973–76ರ ಒಂದೇ ಡಿಸ್ಕ್ ಬ್ರೇಕ್ ಕಾರಿನಿಂದ ಒಂದೇ ಸೆಟ್ಟಾಗಿ ತೆಗೆದುಕೊಳ್ಳಿ: ಎಡ-ಬಲ ಸ್ಪಿಂಡಲ್, ಕ್ಯಾಲಿಪರ್ ಬ್ರಾಕೆಟ್ ಮತ್ತು ಅದರ ಬೋಲ್ಟ್‌ಗಳು, ಧೂಳು ತಡೆಯುವ ತಗಡು, ಮೇಲಿನ ಕಂಟ್ರೋಲ್ ಆರ್ಮ್, ಕ್ಯಾಲಿಪರ್. ಆ ವರ್ಷಗಳಲ್ಲೂ ಡ್ರಮ್ ಬ್ರೇಕಿನ ಎ-ಬಾಡಿಗಳು 4 ಇಂಚಿನಲ್ಲೇ ಉಳಿದಿದ್ದವು, ವರ್ಷ ನೋಡಿ ಮೋಸ ಹೋಗಬೇಡಿ. ರೋಟರ್, ಬೇರಿಂಗ್, ಸೀಲ್, ಹೋಸ್, ಪ್ಯಾಡ್, ಬಾಲ್ ಜಾಯಿಂಟ್ ಇವಿಷ್ಟನ್ನು ಹೊಸದೇ ಹಾಕಿ. ಈ ಕ್ಯಾಲಿಪರುಗಳಲ್ಲಿ ಎರಡು ಬಗೆ: ರಬ್ಬರ್ ಬುಶ್‌ಗಳಲ್ಲಿ ಪಿನ್ ಮೇಲೆ ಜಾರುವುದು ಒಂದು, ಬ್ರಾಕೆಟ್ಟಿನ ನುಣುಪು ಅಂಚುಗಳ ಮೇಲೆ ಜಾರುವುದು ಇನ್ನೊಂದು. ಒಂದರ ಬ್ರಾಕೆಟ್ಟಿಗೆ ಇನ್ನೊಂದರ ಕ್ಯಾಲಿಪರ್ ಕೂರದು.

ಇನ್ನು ಮುಖ್ಯವಾದ ಮೇಲಿನ ಬಾಲ್ ಜಾಯಿಂಟು. 1972ರವರೆಗಿನ ಎ-ಬಾಡಿಯದು ಚಿಕ್ಕದು, 1973ರ ಸ್ಪಿಂಡಲ್ಲಿನ ಓರೆ ತೂತು (ಒಂದು ತುದಿಗೆ ಕಿರಿದಾಗುತ್ತ ಹೋಗುವ ತೂತು) ದೊಡ್ಡದು. ಚಿಕ್ಕ ಸ್ಟಡ್ಡನ್ನು ಆ ತೂತಿಗೆ ಹಾಕಿದರೆ ಓರೆಗಳು ಒಂದನ್ನೊಂದು ಹಿಡಿಯುವುದಿಲ್ಲ. ನಟ್ ಬಿಗಿಯಾದಂತೆ ತೋರಿದರೂ ಸ್ಟಡ್ ಒಳಗೆ ಅಲ್ಲಾಡುತ್ತ ಒಂದು ದಿನ ಮುರಿಯುತ್ತದೆ. 1973–76ರ ಮೇಲಿನ ಆರ್ಮ್ ಹಾಕುವುದು, ಇಲ್ಲವೇ ದೊಡ್ಡ ಬಾಲ್ ಜಾಯಿಂಟ್ ಹಿಡಿಯುವ ಹೊಸ ಆರ್ಮ್ ಕೊಳ್ಳುವುದು ಸರಿ. ಓರೆ ತೂತಿನೊಳಗೆ ಹಾಕುವ ಕೊಳವೆಯಂಥ ಸ್ಲೀವ್‌ಗಳೂ ಸಿಗುತ್ತವೆ. ಅವುಗಳ ಮೇಲ್ಮೈಗೆ ನೀಲಿ ಶಾಯಿ ಸವರಿ ಕೂರಿಸಿ ನೋಡಿ, ಗುರುತು ಸುತ್ತಲೂ ಬೀಳದಿದ್ದರೆ ಬಳಸಬೇಡಿ.

ಆಸ್ಪೆನ್, ವೊಲಾರೆ, ಡಿಪ್ಲೊಮ್ಯಾಟ್‌ಗಳ ಸ್ಪಿಂಡಲ್ ಕೂಡ ಹಲವರು ಬಳಸುತ್ತಾರೆ. ಅದು ಸುಮಾರು 3/8 ಇಂಚು ಎತ್ತರ ಹೆಚ್ಚು, ಮೇಲಿನ ಆರ್ಮಿನ ಕೋನ ಬದಲಾಗುತ್ತದೆ. ಓಡಿಸಲು ಬರುತ್ತದೆ, ಆದರೆ ಎ-ಬಾಡಿಯ ಸ್ಪಿಂಡಲ್ ಸಿಗುತ್ತಿರುವಾಗ ಅದರ ಗೊಡವೆ ಬೇಡ. ಕೆಳಗಿನ ಬಾಲ್ ಜಾಯಿಂಟು ಸ್ಟೀರಿಂಗ್ ಆರ್ಮಿನೊಂದಿಗೆ ಒಂದೇ ತುಂಡಾಗಿ ಸ್ಪಿಂಡಲ್ಲಿಗೆ ಎರಡು ಬೋಲ್ಟ್‌ಗಳಿಂದ ಕೂರುತ್ತದೆ. ಬೋಲ್ಟ್ ತೂತುಗಳ ಅಂತರ ಹೊಸ ಸ್ಪಿಂಡಲ್ಲಿಗೆ ಹೊಂದುತ್ತದೆಯೇ ಎಂದು ಬೆಂಚಿನ ಮೇಲೆ ಜೋಡಿಸಿ ನೋಡಿ. ಎಡಬಲ ಅದಲುಬದಲಾಗದಂತೆ ಗುರುತು ಹಾಕಿ.

ಚಕ್ರವನ್ನು ಕಾರಿಗೆ ಮುಟ್ಟಿಸುವ ಮೊದಲೇ ಪರೀಕ್ಷಿಸಬಹುದು. ಸ್ಪಿಂಡಲ್, ರೋಟರ್, ಕ್ಯಾಲಿಪರನ್ನು ವೈಸಿನಲ್ಲಿ ಜೋಡಿಸಿ, ಟೈರಿಲ್ಲದ ಚಕ್ರ ಏರಿಸಿ ಒಂದು ಪೂರ್ತಿ ಸುತ್ತು ತಿರುಗಿಸಿ. ಸುಮಾರು 11 ಇಂಚಿನ ಈ ರೋಟರಿಗೆ 13 ಇಂಚಿನ ಚಕ್ರ ಆಗದು. 14 ಇಂಚಿನಲ್ಲಿ ಡಿಸ್ಕಿಗೆಂದೇ ಮಾಡಿದವು ಆಗುತ್ತವೆ, ಡ್ರಮ್ಮಿಗೆಂದು ಮಾಡಿದ ಹಲವು ಕ್ಯಾಲಿಪರಿಗೆ ಉಜ್ಜುತ್ತವೆ. ಚಕ್ರಕ್ಕೂ ಕ್ಯಾಲಿಪರಿಗೂ ಕನಿಷ್ಠ 3 ಮಿ.ಮೀ. ಸಂದು ಇರಲಿ. ಚಕ್ರದ ನಡುತೂತು ಹೊಸ ಹಬ್ಬಿನ ಮೇಲೆ ಒತ್ತದೆ ಕೂರಬೇಕು.

ಬಿಚ್ಚುವುದು

ಕಾರನ್ನು ಚೌಕಟ್ಟಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಮುಂದಿನ ಸಸ್ಪೆನ್ಶನ್ ಪೂರ್ತಿ ಇಳಿಬೀಳಲಿ. ಟಾರ್ಶನ್ ಬಾರಿನ ಅಡ್ಜಸ್ಟರ್ ಬೋಲ್ಟನ್ನು ಸುತ್ತು ಎಣಿಸುತ್ತ ಸಡಿಲಿಸಿ, ಎಣಿಕೆ ಬರೆದಿಡಿ. ಬಾರಿನಲ್ಲಿ ಸೆಳೆತ ಇರುವಾಗ ಬಾಲ್ ಜಾಯಿಂಟ್ ಬಿಡಿಸಿದರೆ ಕೆಳಗಿನ ಆರ್ಮ್ ಜೋರಾಗಿ ಹೊಡೆಯುತ್ತದೆ, ಕೈ ಮುರಿಯುವಷ್ಟು. ಮೇಲಿನ ಆರ್ಮಿನ ಕ್ಯಾಮ್ ಬೋಲ್ಟ್‌ಗಳ ಸ್ಥಾನಕ್ಕೆ ಪೇಂಟಿನಿಂದ ಗೆರೆ ಎಳೆಯಿರಿ, ಅಲೈನ್‌ಮೆಂಟಿಗೆ ಕಾರು ಒಯ್ಯುವವರೆಗೆ ಆ ಗೆರೆಯೇ ಆಧಾರ. ಬಾಲ್ ಜಾಯಿಂಟಿನ ನಟ್ಟನ್ನು ಕೆಲವು ಎಳೆ ಉಳಿಸಿ ಸಡಿಲಿಸಿ, ಪ್ರೆಸ್ ಮಾದರಿಯ ಎಳೆಯುವ ಸಾಧನದಿಂದ ಬಿಡಿಸಿ. ಕವಲಿನಂಥ ಉಳಿ ಹಾಕಿ ಬಡಿದರೆ ರಬ್ಬರ್ ಹರಿಯುತ್ತದೆ. ಹಳೆಯ ಹೋಸ್ ತೆಗೆದ ಕೂಡಲೇ ಉಕ್ಕಿನ ನಳಿಗೆಗೆ ಮುಚ್ಚಳ ಹಾಕಿ, ದ್ರವ ಬಣ್ಣದ ಮೇಲೆ ಬಿದ್ದರೆ ನೀರಿನಿಂದ ತೊಳೆಯಿರಿ.

ಜೋಡಿಸುವುದು

ಮೇಲಿನ ಆರ್ಮ್ ಹಾಕಿ, ಅದರ ರಬ್ಬರ್ ಬುಶ್ ಬೋಲ್ಟ್‌ಗಳನ್ನು ಕೈಬಿಗಿಯಷ್ಟೇ ಬಿಡಿ. ಅಂತಿಮ ಬಿಗಿ ಕಾರು ನೆಲದ ಮೇಲೆ ತನ್ನ ಎತ್ತರದಲ್ಲಿ ನಿಂತಾಗ. ನೇತಾಡುವಾಗ ಬಿಗಿದ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪಿಂಡಲ್ಲಿನ ಓರೆ ತೂತುಗಳನ್ನು ಒಣಗಿಸಿ ಒರೆಸಿ, ಎಣ್ಣೆ-ಗ್ರೀಸ್ ಬೇಡ. ಬಾಲ್ ಜಾಯಿಂಟ್ ನಟ್ಟನ್ನು ಕಾರಿನ ಸರ್ವಿಸ್ ಪುಸ್ತಕದ ಟಾರ್ಕಿಗೆ ಬಿಗಿದು, ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿಯಿರಿ, ಹಿಂದೆ ತಿರುಗಿಸಬೇಡಿ.

ಬೇರಿಂಗಿನಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಗ್ರೀಸನ್ನು ರೋಲರುಗಳ ನಡುವೆ ಒತ್ತಿ ತುಂಬಿಸಿ ರೋಟರ್ ಏರಿಸಿ. ರೋಟರ್ ತಿರುಗಿಸುತ್ತಲೇ ನಟ್ಟನ್ನು 20–25 ಅಡಿ-ಪೌಂಡಿಗೆ (27–34 ನ್ಯೂಟನ್ ಮೀಟರ್) ಬಿಗಿಯಿರಿ. ಕಾಲು ಸುತ್ತು ಹಿಂದೆ ತಿರುಗಿಸಿ, ಬೆರಳಿನಿಂದ ಮಾತ್ರ ಮತ್ತೆ ಬಿಗಿ ಮಾಡಿ, ಲಾಕ್ ಮತ್ತು ಹೊಸ ಕಾಟರ್ ಪಿನ್ ಹಾಕಿ. ಉಳಿಯುವ ಸಡಿಲ 0.003 ಇಂಚು ಮೀರಬಾರದು. ನಂತರ ಡಯಲ್ ಗೇಜ್ ಇಟ್ಟು ರೋಟರಿನ ಓಲಾಟ ನೋಡಿ. 0.1 ಮಿ.ಮೀ. ದಾಟಿದರೆ ಪೆಡಲ್ ಕಾಲಿನಡಿ ಮಿಡಿಯುತ್ತದೆ. ಹೊಸ ರೋಟರಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆಯುವುದನ್ನು ಮರೆತರೆ ಪ್ಯಾಡ್ ಮೊದಲ ದಿನವೇ ಹಾಳು.

ಕ್ಯಾಲಿಪರ್ ಜಾರುವ ಜಾಗಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬ್ರೇಕಿನ ಶಾಖ ತಡೆಯುವ ಗ್ರೀಸ್ ತೆಳುವಾಗಿ ಸವರಿ. ಕೂರಿಸಿದ ಮೇಲೆ ಗಾಳಿ ಹೊರಬಿಡುವ ಬ್ಲೀಡರ್ ತಿರುಪು ಮೇಲ್ತುದಿಯಲ್ಲಿ ಇರಬೇಕು. ಕೆಳಗೆ ಬಂದಿದ್ದರೆ ಎಡಬಲ ಕ್ಯಾಲಿಪರ್ ಅದಲುಬದಲಾಗಿದೆ, ಗಾಳಿ ಎಂದೂ ಹೊರಬರದು. ಹೋಸ್ ಹಳೆಯದು ಆಗುವುದಿಲ್ಲ, ಹೊಸದಕ್ಕೆ ದ್ರವ ಒಳಗಿಂದ ಹರಿಯುವ ಟೊಳ್ಳು ಬೋಲ್ಟ್, ಅಂದರೆ ಬ್ಯಾಂಜೊ ಬೋಲ್ಟ್. ಅದರ ಎರಡೂ ಬದಿಗೆ ಹೊಸ ತಾಮ್ರದ ವಾಶರ್ ಹಾಕಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಸಸ್ಪೆನ್ಶನ್ ಮೇಲೆ-ಕೆಳಗೆ ಮಾಡಿ, ಹೋಸ್ ಎಳೆಯುವುದಾಗಲಿ ಟೈರಿಗೆ ತಾಗುವುದಾಗಲಿ ಇಲ್ಲವೆಂದು ಕಣ್ಣಾರೆ ನೋಡಿ.

ಪೆಡಲ್ ಮತ್ತು ದ್ರವ

ಹಳೆಯ ಕ್ಯಾಲಿಪರಿನ ಒಂದು ಬದಿಯ ಎರಡು ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ ಸುಮಾರು 4.2 ಚದರ ಇಂಚು. ಹೊಸದರ ಪಿಸ್ಟನ್ 2.75 ಇಂಚಿನದಾದರೆ 5.94 ಚದರ ಇಂಚು. ಪೆಡಲ್ ಒತ್ತಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರ್ ಅದೇ ಉಳಿಸಿದರೆ ಮುಂದಿನ ಬ್ರೇಕಿನ ಹಿಡಿತ ಹೆಚ್ಚುತ್ತದೆ, ಪೆಡಲ್ಲೂ ಕೆಳಗೆ ಹೋಗುತ್ತದೆ. ಪೆಡಲ್ ನೆಲಕ್ಕೆ ಹತ್ತಿರವಾದರೆ ಮೊದಲು ಗಾಳಿ ಮತ್ತು ಹಿಂದಿನ ಡ್ರಮ್ಮಿನ ಹೊಂದಾಣಿಕೆ ನೋಡಿ, ಆಮೇಲೆ 1973–76ರ ಡಿಸ್ಕ್ ಕಾರಿನ ಮಾಸ್ಟರ್ ಸಿಲಿಂಡರ್ ಯೋಚಿಸಿ. ಹಿಂಬದಿ ಚಕ್ರಗಳ ಬ್ರೇಕ್ ಒತ್ತಡ ತಗ್ಗಿಸುವ ಪ್ರಪೋರ್ಶನಿಂಗ್ ವಾಲ್ವ್ ಇರಲೇಬೇಕು. ಡ್ರಮ್ ಕಾರಿನ ಮಾಸ್ಟರ್ ಯಾರಾದರೂ ಹಾಕಿದ್ದರೆ ಮುಂದಿನ ದಾರಿಯಲ್ಲಿ 10 ಪಿಎಸ್‌ಐ ಹಿಡಿದಿಡುವ ವಾಲ್ವ್ ಅಡಗಿರುತ್ತದೆ. ಡಿಸ್ಕಿಗೆ ಅದು ಆಗದು: ಪ್ಯಾಡ್ ಸದಾ ಉಜ್ಜಿ ರೋಟರ್ ಬಿಸಿಯಾಗುತ್ತದೆ.

ಮಾಸ್ಟರ್ ಸಿಲಿಂಡರನ್ನು ಬೆಂಚಿನಲ್ಲೇ ಗಾಳಿ ತೆಗೆದು ಹಾಕಿ, ನಂತರ ಅದರಿಂದ ಅತಿ ದೂರದ ಚಕ್ರದಿಂದ ಗಾಳಿ ತೆಗೆಯಲು ಆರಂಭಿಸಿ. ಡಾಟ್ 3 ಬ್ರೇಕ್ ದ್ರವ ಇರುವ ವ್ಯವಸ್ಥೆಗೆ ಸಿಲಿಕೋನಿನ ಡಾಟ್ 5 ಬೆರೆಸಬೇಡಿ.

ಸ್ಟಡ್ ಎಳೆ ಮತ್ತು ಹಿಂದಿನ ಆಕ್ಸಲ್

1970ರವರೆಗಿನ ಕಾರುಗಳ ಎಡಬದಿಯ ಸ್ಟಡ್‌ಗಳಿಗೆ ಎಡ ಎಳೆ (ಎಡಕ್ಕೆ ತಿರುಗಿಸಿ ಬಿಗಿಯುವುದು) ಇರುತ್ತದೆ, ಹಲವುಗಳ ತುದಿಯಲ್ಲಿ ಎಲ್ ಅಕ್ಷರ ಕೆತ್ತಿರುತ್ತದೆ. ಹೊಸ ರೋಟರುಗಳಲ್ಲಿ ಎರಡೂ ಕಡೆ ಬಲ ಎಳೆ. ಹಿಂಬದಿ ಚಕ್ರದ ಸ್ಟಡ್‌ಗಳನ್ನು ಹಾಗೇ ಬಿಟ್ಟರೆ ಕಾರಿನ ಒಂದೇ ಬದಿಯಲ್ಲಿ ಎರಡು ಬಗೆಯ ನಟ್. ಟೈರ್ ಬದಲಿಸುವವನು ಇಂಪ್ಯಾಕ್ಟ್ ಗನ್ ಹಿಡಿದು ಸ್ಟಡ್ ಮುರಿಯುವುದು ಇಲ್ಲಿಯೇ. ಹಿಂದಿನ ಸ್ಟಡ್‌ಗಳನ್ನೂ ಬಲ ಎಳೆಗೆ ಬದಲಿಸಿ. ಸ್ಟಡ್ಡಿನ ದಪ್ಪ 7/16 ಇಂಚೋ 1/2 ಇಂಚೋ ಅಳೆದು ನಟ್ ಕೊಳ್ಳಿ.

ಹಿಂದೆ 4 ಇಂಚು ಉಳಿದರೆ ಯಾವ ಸ್ಟೆಪ್ನಿಯೂ ನಾಲ್ಕೂ ಕಡೆ ಆಗದು. 1973–76ರ 8.25 ಇಂಚಿನ (ಈ ಅಳತೆ ಆಕ್ಸಲ್ಲಿನೊಳಗಿನ ರಿಂಗ್ ಗೇರಿನದು) ಆಕ್ಸಲ್ ದೊಡ್ಡ ವೃತ್ತದೊಂದಿಗೆ ಬಂದಿದೆ. 8.75 ಇಂಚಿನದಕ್ಕೆ ದೊಡ್ಡ ಫ್ಲ್ಯಾಂಜಿನ ಹೊಸ ಆಕ್ಸಲ್ ಶಾಫ್ಟ್ ಸಿಗುತ್ತದೆ, ಡ್ರಮ್ಮೂ ಅದಕ್ಕೆ ತಕ್ಕದ್ದೇ ಬೇಕು. 7.25 ಇಂಚಿನ ತೆಳು ಆಕ್ಸಲ್ ಮೇಲೆ ಹಣ ಸುರಿಯುವುದು ವ್ಯರ್ಥ.

ರಸ್ತೆಗೆ ಇಳಿಸುವ ಮುನ್ನ

ಅಡ್ಜಸ್ಟರನ್ನು ಬರೆದಿಟ್ಟಷ್ಟು ಸುತ್ತು ಮತ್ತೆ ಬಿಗಿದು, ಕಾರನ್ನು ಇಳಿಸಿ ಹಿಂದೆ-ಮುಂದೆ ಉರುಳಿಸಿ, ಎತ್ತರ ಸರಿಪಡಿಸಿ, ಬುಶ್ ಬೋಲ್ಟ್‌ಗಳನ್ನು ಬಿಗಿಯಿರಿ. ಅಲೈನ್‌ಮೆಂಟ್ ಆಗುವವರೆಗೆ ನಿಧಾನ ಓಡಾಟ ಮಾತ್ರ. ಕಾರು ಚಲಿಸುವ ಮೊದಲೇ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ, ಇಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕೇ ಇರದು. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಯಿಂದ 15ಕ್ಕೆ ಹತ್ತು ಸಲ ನಿಧಾನಿಸಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಗಾಳಿಗೆ ಬಿಡಿ, ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ. ಮನೆಗೆ ಬಂದ ಮೇಲೆ ರೋಟರಿನ ಬಣ್ಣ ಎರಡೂ ಕಡೆ ಒಂದೇ ಥರ ಇದೆಯೇ, ಬ್ಯಾಂಜೊ ಸುತ್ತ ಒದ್ದೆ ಇದೆಯೇ ನೋಡಿ. ಮೊದಲ 80 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ.