ವರ್ಡ್‌ನಲ್ಲಿ ಉದ್ದದ ಸಾಲನ್ನು ಮೂರು ಅಕ್ಷರದಲ್ಲಿ ಟೈಪ್ ಮಾಡಿ

ಅರ್ಜಿ, ಪತ್ರ ಟೈಪ್ ಮಾಡುವವರು ದಿನಕ್ಕೆ ಎಷ್ಟು ಸಲ ಒಂದೇ ಸಾಲನ್ನು ಕುಟ್ಟುತ್ತೀರಿ? ‘ಮಾಹಿತಿ ಹಕ್ಕು ಅಧಿನಿಯಮ, 2005’ ಅಂತ ಪ್ರತಿ ಸಲ ಪೂರ್ತಿ ಬರೆಯಬೇಕಾಗಿಲ್ಲ.

ವರ್ಡ್‌ನಲ್ಲಿ ಫೈಲ್ ಒತ್ತಿ, ಆಪ್ಷನ್ಸ್‌ಗೆ ಹೋಗಿ, ಪ್ರೂಫಿಂಗ್ ಒಳಗೆ ಆಟೋಕರೆಕ್ಟ್ ಆಪ್ಷನ್ಸ್ ತೆರೆಯಿರಿ. ರಿಪ್ಲೇಸ್ ಜಾಗದಲ್ಲಿ ‘ಮಾಹಅ’, ವಿತ್ ಜಾಗದಲ್ಲಿ ಪೂರ್ತಿ ಹೆಸರು ಹಾಕಿ, ಆಡ್ ಒತ್ತಿ, ಓಕೆ ಕೊಡಿ. ಇನ್ನು ‘ಮಾಹಅ’ ಬರೆದು ಸ್ಪೇಸ್ ಒತ್ತಿದರೆ ಸಾಕು, ಪೂರ್ತಿ ಹೆಸರು ಬಂದು ಕೂರುತ್ತದೆ. ಬೇಡ ಅನಿಸಿದರೆ ಕೂಡಲೇ ಕಂಟ್ರೋಲ್ ಝಡ್ ಒತ್ತಿ.

ಶಾರ್ಟ್‌ಕಟ್ ಆರಿಸುವಾಗ ಮಾತ್ರ ಹುಷಾರು. ವಿಳಾಸಕ್ಕೆ ‘ಮನೆ’ ಅಂತ ಇಟ್ಟುಬಿಟ್ಟರೆ, ‘ಮನೆ ಕಟ್ಟಲು ಸಾಲ ಬೇಕು’ ಅಂತ ಬರೆಯುವಾಗ ಮಧ್ಯದಲ್ಲಿ ಪಿನ್‌ಕೋಡ್ ಸಮೇತ ಇಡೀ ವಿಳಾಸ ನುಗ್ಗುತ್ತದೆ! ಹಾಗಾಗಿ ಮಾತಿನಲ್ಲಿ ಎಲ್ಲೂ ಬಾರದ ಅಕ್ಷರಗಳನ್ನೇ ಜೋಡಿಸಿ, ‘ಮವಿವಿ’ ಥರ.

ಸಾದಾ ಪಠ್ಯಕ್ಕೆ 255 ಅಕ್ಷರಗಳ ಮಿತಿ ಇದೆ. ಅದಕ್ಕಿಂತ ಜಾಸ್ತಿ ಬೇಕಾದರೆ, ಪುಟದಲ್ಲಿ ಮೊದಲೇ ಆ ಪಠ್ಯವನ್ನು ಸೆಲೆಕ್ಟ್ ಮಾಡಿಕೊಂಡು ಇದೇ ಕಿಟಕಿ ತೆರೆದು, ಫಾರ್ಮ್ಯಾಟೆಡ್ ಟೆಕ್ಸ್ಟ್ ಆರಿಸಿ. ಬೋಲ್ಡ್, ಸಾಲುಗಳ ಜೋಡಣೆ ಎಲ್ಲ ಹಾಗೇ ಉಳಿಯುತ್ತವೆ. ಪತ್ರದ ಕೊನೆಯ ಸಹಿ ಭಾಗಕ್ಕೆ ನಾನು ಇದನ್ನೇ ಬಳಸುತ್ತೇನೆ.