ಪಿಸ್ತೂಲ್ ರೀಲೋಡಿಂಗ್: ಮದ್ದು ಅಳೆಯುವಾಗ 0.1 ಗ್ರೇನ್ ಕೂಡ ಚಿಕ್ಕದಲ್ಲ

ರೀಲೋಡಿಂಗ್ ಅಂದರೆ ಹಾರಿಸಿ ಖಾಲಿಯಾದ ಕೇಸಿಗೆ, ಅಂದರೆ ಲೋಹದ ಕೊಳವೆಗೆ, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ), ಮದ್ದು, ಬುಲೆಟ್ಟು ಹಾಕಿ ಮತ್ತೆ ಬಳಸುವುದು. ಗ್ರೇನ್ ಅನ್ನೋದು ಆ ಮದ್ದನ್ನು ತೂಗುವ ಸಣ್ಣ ಅಳತೆ. ಮೊದಲು ಒಂದು ಲೆಕ್ಕ ನೋಡಿ. ರೈಫಲ್ ಕೇಸಿಗೆ 45 ಗ್ರೇನ್ ಮದ್ದು ಹಾಕುತ್ತೀರಿ ಅಂದುಕೊಳ್ಳಿ. ಅಲ್ಲಿ 0.1 ಗ್ರೇನ್ ಹೆಚ್ಚುಕಮ್ಮಿ ಆದರೆ ವ್ಯತ್ಯಾಸ ಶೇಕಡಾ ಕಾಲು ಭಾಗವೂ ಇಲ್ಲ. ಅದೇ ಪಿಸ್ತೂಲ್ ಕೇಸಿಗೆ 4 ಗ್ರೇನ್ ಅಂತಾದರೆ, ಅದೇ 0.1 ಗ್ರೇನ್ ಶೇಕಡಾ 2.5 ಆಗುತ್ತದೆ. ಅಂದರೆ ಹತ್ತು ಪಟ್ಟಿಗಿಂತ ಜಾಸ್ತಿ. ಈ 45, 4 ಎಲ್ಲ ಬರೀ ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳು, ಇವನ್ನು ನೋಡಿ ಯಾರೂ ಮದ್ದು ತುಂಬಬೇಡಿ. ಎಷ್ಟು ಹಾಕಬೇಕು ಅನ್ನೋದನ್ನು ಮದ್ದು ತಯಾರಿಸಿದವರ ಮ್ಯಾನ್ಯುಯಲ್ ಮಾತ್ರ ಹೇಳಬೇಕು. ಅದರಲ್ಲಿ ಕೊಟ್ಟ ಬುಲೆಟ್ಟು, ಅದೇ ಮದ್ದು, ಅದೇ ಪ್ರೈಮರ್, ಮತ್ತೆ ಅದರಲ್ಲಿರುವ ಕನಿಷ್ಠ ಅಳತೆಯಿಂದಲೇ ಶುರು. ಇನ್ನೊಂದು ಮಾತು, ಎಷ್ಟೋ ದೇಶಗಳಲ್ಲಿ ರೀಲೋಡಿಂಗ್‌ಗೆ ಲೈಸೆನ್ಸ್ ಬೇಕು, ಕೆಲವು ಕಡೆ ಮನೆಯಲ್ಲಿ ಮಾಡೋ ಹಾಗೇ ಇಲ್ಲ. ಸಾಮಾನು ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಿ.

ಈಗ ತಕ್ಕಡಿಗೆ ಬರೋಣ.

ಒಂದು ಗ್ರಾಮಿಗೆ 15.43 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 64.8 ಮಿಲಿಗ್ರಾಂ. ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ, ಗ್ರೇನ್, ಕ್ಯಾರೆಟ್ ಎಲ್ಲ ಒಂದೇ ಬಟನ್‌ನಲ್ಲಿ ಬದಲಾಗುತ್ತವೆ, ಅದಕ್ಕೇ ಕೂತ ತಕ್ಷಣ ಪರದೆಯ ಮೂಲೆಯಲ್ಲಿ ಯಾವ ಅಳತೆ ಇದೆ ಅಂತ ಬಾಯಿಬಿಟ್ಟು ಓದಿ. ಸುಮ್ನೆ ಹೇಳುತ್ತಿಲ್ಲ. ಅಂಕಿ ಸರಿ ಇದ್ದು ಅಳತೆ ಬೇರೆ ಆದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ನಾನು ಶುರುಮಾಡಿದ ದಿನಗಳಲ್ಲಿ ಒಂದು ಸಂಜೆ ಅದೇ ಬಟ್ಟಲು, ಅದೇ ಮದ್ದು, ಮುಟ್ಟದೇ ಇಟ್ಟಿದ್ದರೂ ಅಂಕಿ 4.2, 4.3, ಮತ್ತೆ 4.1 ಅಂತ ಓಡಾಡುತ್ತಿತ್ತು. ತಕ್ಕಡಿಯೇ ಕೆಟ್ಟಿದೆ ಅಂತ ಅಂದುಕೊಂಡೆ. ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು, ಅಷ್ಟೇ. ಆರಿಸಿದ ಮೇಲೆ ಅಂಕಿ ಒಂದು ಕಡೆ ನಿಂತಿತು. ಅಷ್ಟು ಸಣ್ಣ ಗಾಳಿಯೂ ಆ ಬಟ್ಟಲನ್ನು ಒತ್ತುತ್ತದೆ. ಫ್ಯಾನ್, ಎಸಿ, ತೆರೆದ ಕಿಟಕಿ ಯಾವುದೂ ಬೇಡ. ಮೊಬೈಲನ್ನು ದೂರ ಇಡಿ. ಮೇಜು ಅಲುಗಾಡಬಾರದು, ತಕ್ಕಡಿ ಸಮತಟ್ಟಾಗಿ ಕೂತಿರಬೇಕು. ಡಿಜಿಟಲ್ ಆದರೆ ಆನ್ ಮಾಡಿ ಅರ್ಧ ಗಂಟೆ ಬಿಟ್ಟುಬಿಡಿ, ಒಳಗಿನ ಸೆನ್ಸರ್ ಬಿಸಿಯಾಗಿ ಒಂದು ಹದಕ್ಕೆ ಬರುವ ತನಕ ಸೊನ್ನೆ ಜಾರುತ್ತಾ ಇರುತ್ತದೆ.

ತಕ್ಕಡಿಯ ಜೊತೆ ಬರುವ 50 ಅಥವಾ 100 ಗ್ರಾಮಿನ ತೂಕದ ಬಟ್ಟಿನಿಂದ ಕ್ಯಾಲಿಬ್ರೇಟ್ ಮಾಡಿ (ತಕ್ಕಡಿಯನ್ನು ಸರಿಹೊಂದಿಸಿ) ಎಲ್ಲಾ ಸರಿ ಇದೆ ಅಂತ ನಂಬುವವರು ಬಹಳ. ಕ್ಯಾಲಿಬ್ರೇಟ್ ಮಾಡಲೇಬೇಕು, ಸರಿ. ಆದರೆ 50 ಗ್ರಾಂ ಅಂದರೆ 770 ಗ್ರೇನಿಗೂ ಮೇಲೆ, ಅಲ್ಲಿ ಸರಿ ತೋರಿಸುವ ತಕ್ಕಡಿ 4 ಗ್ರೇನಿನಲ್ಲೂ ಸರಿ ಇರುತ್ತದೆ ಅಂತ ಯಾರು ಹೇಳಿದರು? ನಿಮ್ಮ ಮದ್ದಿನ ತೂಕದ ಹತ್ತಿರದ ಚಿಕ್ಕ ಬಟ್ಟುಗಳ ಸೆಟ್ ಕೊಳ್ಳಿ. ನನ್ನ ಕೇಳಿದರೆ, ದುಬಾರಿ ತಕ್ಕಡಿಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ. ಬೆರಳಲ್ಲಿ ಮುಟ್ಟಬೇಡಿ, ಚಿಮುಟದಲ್ಲಿ ಹಿಡಿಯಿರಿ, ಕೈಯ ಜಿಡ್ಡೂ ಇಲ್ಲಿ ತೂಕವೇ. ಶುರುವಿಗೊಂದು ಸಲ, ನಡುನಡುವೆ, ಕೊನೆಗೊಂದು ಸಲ ಇಟ್ಟು ನೋಡಿ.

ಖಾಲಿ ಬಟ್ಟಲನ್ನು ಸೊನ್ನೆ ಮಾಡಿ ಎತ್ತಿದಾಗ ಪರದೆ ಮೇಲೆ ಮೈನಸ್ ಅಂಕಿ ಬರುತ್ತದಲ್ವಾ, ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪ್ರತಿ ಸಲ ಬಟ್ಟಲು ಎತ್ತಿದಾಗ ಅದೇ ಅಂಕಿ ಬರಬೇಕು. ಬೇರೆ ಬಂತಾ, ಸೊನ್ನೆ ಜಾರಿದೆ ಅಂತ ಅರ್ಥ, ಆವರೆಗೆ ತೂಗಿದ್ದನ್ನೆಲ್ಲ ಮತ್ತೆ ತೂಗಿ. ಇನ್ನೊಂದು ಸೂಕ್ಷ್ಮ ಇದೆ. ಬಟ್ಟಲು ತಕ್ಕಡಿ ಮೇಲೆ ಇರುವಾಗಲೇ ಒಂದೊಂದೇ ಕಣ ಉದುರಿಸುತ್ತಾ ಹೋದರೆ ಕೆಲವು ಡಿಜಿಟಲ್ ತಕ್ಕಡಿಗಳು ಆ ಸಣ್ಣ ಬದಲಾವಣೆಯನ್ನು ತಮ್ಮದೇ ಜಾರುವಿಕೆ ಅಂದುಕೊಂಡು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊನೆಯ ಕಣ ಹಾಕಿದ ಮೇಲೆ ಬಟ್ಟಲನ್ನು ಎತ್ತಿ ಮತ್ತೆ ಇಡಿ, ಆಗ ಬಂದ ಅಂಕಿಯನ್ನು ಮಾತ್ರ ನಂಬಿ.

ಪ್ರತಿ ಕೇಸಿಗೂ ಹೀಗೆ ತೂಗಿ ಹಾಕೋದು ನಿಧಾನ. ಅದಕ್ಕೆ ಹಿಡಿ ತಿರುಗಿಸಿದರೆ ಒಂದು ಅಳತೆ ಉದುರಿಸುವ ಪೌಡರ್ ಮೆಷರ್ ಬಳಸುತ್ತೇವೆ. ಅದು ತೂಗುವುದಿಲ್ಲ, ಜಾಗ ಅಳೆಯುತ್ತದೆ ಅನ್ನೋದು ನೆನಪಿರಲಿ. ಗುಂಡನೆಯ ಸಣ್ಣ ಕಾಳಿನಂಥ ಮದ್ದು ಅದರಲ್ಲಿ ಸಲೀಸಾಗಿ ಇಳಿಯುತ್ತದೆ, ದೊಡ್ಡ ಚಕ್ಕೆಯಂಥದ್ದು ಒಮ್ಮೆ ಒತ್ತಾಗಿ ಕೂತು ಒಮ್ಮೆ ಸಡಿಲವಾಗಿ ಕೂತು ಕಾಟ ಕೊಡುತ್ತದೆ. ಮದ್ದು ತುಂಬಿದ ಮೇಲೆ ಮೊದಲ ಹತ್ತಿಪ್ಪತ್ತು ಅಳತೆಗಳನ್ನು ವಾಪಸ್ ಮೇಲಕ್ಕೇ ಸುರಿದುಬಿಡಿ, ಒಳಗಿನ ಮದ್ದು ಒತ್ತಾಗಿ ಕೂರಲಿ. ಮೇಲಿನ ಡಬ್ಬಿ ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಹಿಡಿಯನ್ನು ಪ್ರತಿ ಸಲವೂ ಒಂದೇ ವೇಗದಲ್ಲಿ, ಒಂದೇ ಜೋರಿನಲ್ಲಿ ತಿರುಗಿಸಬೇಕು. ಮಾತಾಡುತ್ತಾ ತಿರುಗಿಸಿದರೆ ಕೈ ಬದಲಾಗುತ್ತದೆ, ತೂಗಿ ನೋಡಿದರೆ ನಿಮಗೇ ತಿಳಿಯುತ್ತದೆ.

ಮೆಷರ್ ಸರಿಹೊಂದಿಸುವಾಗ ಹತ್ತು ಅಳತೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಸರಾಸರಿ ಚೆನ್ನಾಗಿ ಸಿಗುತ್ತದೆ. ಆದರೆ ಸರಾಸರಿಯಲ್ಲಿ ಒಂದು ಜಾಸ್ತಿ, ಒಂದು ಕಮ್ಮಿ ಎರಡೂ ಅಡಗಿಹೋಗುತ್ತವೆ. ಅದಕ್ಕೇ ಹತ್ತನ್ನು ಬಿಡಿಬಿಡಿಯಾಗಿಯೂ ತೂಗಿ, ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಎಷ್ಟು ಅಂತರ ಇದೆ ನೋಡಿ. ಆ ಹೆಚ್ಚಿನ ತೂಕ ಯಾವತ್ತೂ ಮ್ಯಾನ್ಯುಯಲ್‌ನ ಗರಿಷ್ಠ ಮಿತಿ ದಾಟಬಾರದು. ಕೆಲಸ ನಡೆಯುವಾಗಲೂ ಹತ್ತು ಕೇಸಿಗೊಂದನ್ನು ತೂಗುತ್ತಾ ಇರಿ. ಒಣ ಹವೆಯಲ್ಲಿ ಪ್ಲಾಸ್ಟಿಕ್ ಫನಲ್‌ಗೆ ಮದ್ದಿನ ಚಕ್ಕೆಗಳು ಇರುವೆ ಹತ್ತಿದ ಹಾಗೆ ಅಂಟಿಕೊಳ್ಳುತ್ತವೆ, ಒಂದು ಕೇಸಿನಲ್ಲಿ ಕಡಿಮೆಯಾಗಿ, ಆಮೇಲೆ ಒಟ್ಟಿಗೆ ಉದುರಿ ಇನ್ನೊಂದರಲ್ಲಿ ಜಾಸ್ತಿಯಾಗುತ್ತದೆ. ಲೋಹದ ಫನಲ್ ಇದ್ದರೆ ಈ ತಲೆನೋವು ಕಡಿಮೆ.

ಇಷ್ಟೆಲ್ಲ ಮಾಡಿದರೂ ಪಿಸ್ತೂಲಿನಲ್ಲಿ ದೊಡ್ಡ ಅಪಾಯ 0.1 ಗ್ರೇನಿನದ್ದಲ್ಲ, ಒಂದೇ ಕೇಸಿಗೆ ಎರಡು ಸಲ ಬೀಳೋದು ಅಥವಾ ಬೀಳದೇ ಇರೋದು. ಪಾಯಿಂಟ್ 38 ಸ್ಪೆಷಲ್‌ನಂಥ ಕೇಸು ಕಪ್ಪು ಮದ್ದಿನ ಕಾಲದ್ದು, ಒಳಗೆ ಜಾಗ ಬಹಳ, ಈಗಿನ ಮದ್ದು ಎರಡು ಪಟ್ಟು ಬಿದ್ದರೂ ಹೊರಗೆ ತುಳುಕುವುದಿಲ್ಲ. ಮದ್ದೇ ಬೀಳದಿದ್ದರೆ ಪ್ರೈಮರ್‌ನ ಬಲವೊಂದೇ ಬುಲೆಟ್ಟನ್ನು ನಳಿಗೆಯ ನಡುವಿನವರೆಗೆ ತಳ್ಳಿ ಅಲ್ಲೇ ನಿಲ್ಲಿಸಿಬಿಡಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು. ಹಾರಿಸುವಾಗ ಸದ್ದು ಸಪ್ಪೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಪಿಸ್ತೂಲ್ ಖಾಲಿ ಮಾಡಿ, ನಳಿಗೆ ತೆರವಾಗಿದೆಯಾ ಅಂತ ನೋಡಿ.

ಅದಕ್ಕೇ 50 ಕೇಸುಗಳನ್ನು ತೂತುಗಳಿರುವ ಬ್ಲಾಕಿನಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ಮದ್ದು ಬಿದ್ದ ಮೇಲೆ ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಿ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು. ಒಂದು ಎತ್ತರ ಕಂಡರೂ, ಒಂದು ತಗ್ಗು ಕಂಡರೂ, ಅದನ್ನು ಬಟ್ಟಲಿಗೆ ಸುರಿದು ಮತ್ತೆ ತೂಗಿ. ಈ ನೋಟ ಮುಗಿಯುವ ತನಕ ಒಂದು ಬುಲೆಟ್ಟೂ ಕೂರಿಸಬೇಡಿ.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಮುಗಿದ ಮೇಲೆ ಮೆಷರ್‌ನಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದು, ಹಿಡಿಯನ್ನು ಇನ್ನೂ ನಾಲ್ಕೈದು ಸಲ ತಿರುಗಿಸಿ ಕೊನೆಯ ಚಕ್ಕೆಯನ್ನೂ ಇಳಿಸಿ. ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಬಂದು ಇದು ಯಾವ ಮದ್ದು ಅಂತ ಒಂದು ಕ್ಷಣ ಅನುಮಾನ ಬಂದರೂ ಅದನ್ನು ಬಳಸಬೇಡಿ.