‘ಡಿಎಲ್‌ಎಲ್ ಸಿಗುತ್ತಿಲ್ಲ’ ಎಂದು ಕಂಪ್ಯೂಟರ್ ಹೇಳಿದರೆ

ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸದಾಗಿ ಹಾಕಿಕೊಂಡ ಪ್ರೋಗ್ರಾಂ ತೆರೆಯಲು ಹೋದರೆ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗುತ್ತಿಲ್ಲ’ ಎಂಬ ಸಂದೇಶ. ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ, ಅದೊಂದೇ ಫೈಲನ್ನು ಉಚಿತವಾಗಿ ಕೊಡುತ್ತೇವೆ ಎನ್ನುವ ತಾಣಗಳು ಸಾಲಾಗಿ ಬರುತ್ತವೆ. ದಯವಿಟ್ಟು ಅಲ್ಲಿಂದ ಇಳಿಸಿಕೊಳ್ಳಬೇಡಿ. ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್. ಅದನ್ನು ಬಳಸುವ ಪ್ರೋಗ್ರಾಂಗೆ ಇರುವ ಅನುಮತಿಗಳೆಲ್ಲ ಅದಕ್ಕೂ ಸಿಗುತ್ತವೆ. ಯಾರೋ ತಿದ್ದಿಟ್ಟ ಫೈಲ್ ಒಳಹೊಕ್ಕರೆ ನಿಮ್ಮ ಪಾಸ್‌ವರ್ಡ್‌ಗಳಿಗೂ ಅಪಾಯ.

ಮೊದಲು ಸಂದೇಶದಲ್ಲಿರುವ ಫೈಲಿನ ಹೆಸರನ್ನು ಅಕ್ಷರ ತಪ್ಪದಂತೆ ಬರೆದುಕೊಳ್ಳಿ. ಅದು ಯಾವ ಪ್ಯಾಕೇಜಿಗೆ ಸೇರಿದ್ದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ವಿಸಿರನ್‌ಟೈಮ್140, ಎಂಎಸ್‌ವಿಸಿಪಿ140 ಎರಡೂ ಮೈಕ್ರೋಸಾಫ್ಟ್‌ನ ‘ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಪ್ಯಾಕೇಜಿನವು. ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದಲೇ ಅದನ್ನು ಪಡೆಯಿರಿ. ಅಲ್ಲಿ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎಂಬ ಬಗೆಗಳಿರುತ್ತವೆ. ಬಹಳ ಜನ ಎಡವುವುದು ಇಲ್ಲಿಯೇ. ವಿಂಡೋಸ್ 64 ಬಿಟ್‌ನದಾದರೂ ನಿಮ್ಮ ಪ್ರೋಗ್ರಾಂ 32 ಬಿಟ್‌ನದಾಗಿದ್ದರೆ ಅದಕ್ಕೆ ಬೇಕಾಗುವುದು ಎಕ್ಸ್86. ಎರಡನ್ನೂ ಹಾಕಿಕೊಂಡರೆ ತೊಂದರೆಯೇನಿಲ್ಲ, ಹಾಗೆ ಮಾಡುವುದೇ ಒಳ್ಳೆಯದು. ವಿಚಿತ್ರವೆಂದರೆ 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಂ32’ ಫೋಲ್ಡರಿನಲ್ಲಿರುವುದು 64 ಬಿಟ್ ಫೈಲುಗಳು. 32 ಬಿಟ್‌ನವು ‘ಸಿಸ್‌ವಾವ್64’ನಲ್ಲಿವೆ. ಕೈಯಾರೆ ನಕಲು ಮಾಡಿದ ಫೈಲ್ ಕೆಲಸಕ್ಕೆ ಬಾರದಿರಲು ಇದೂ ಒಂದು ಕಾರಣ.

ಹಳೆಯ ಆಟಗಳು ಡಿ3ಡಿಎಕ್ಸ್9 ಎಂದು ಶುರುವಾಗುವ ಫೈಲ್ ಕೇಳಿದರೆ, ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ (ಆಟಗಳ ಚಿತ್ರ, ಶಬ್ದಗಳಿಗೆ ಬೇಕಾಗುವ ತಂತ್ರಾಂಶ) ರನ್‌ಟೈಮ್ ಹಾಕಿ. ಕಂಪ್ಯೂಟರಿನಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದರೂ ಆ ಹಳೆಯ ಫೈಲುಗಳು ಅದರೊಂದಿಗೆ ಬರುವುದಿಲ್ಲ.

ಕಾಣೆಯಾದದ್ದು ಪ್ರೋಗ್ರಾಂನದೇ ಸ್ವಂತ ಫೈಲಾಗಿದ್ದರೆ ಆ್ಯಂಟಿವೈರಸ್ ಅದನ್ನು ತೆಗೆದಿಟ್ಟಿರಬಹುದು. ವಿಂಡೋಸ್ ಸೆಕ್ಯುರಿಟಿಯ ‘ಪ್ರೊಟೆಕ್ಷನ್ ಹಿಸ್ಟರಿ’ ನೋಡಿ. ಪ್ರೋಗ್ರಾಂ ನಂಬಿಕೆಯ ಮೂಲದಿಂದ ಬಂದದ್ದಲ್ಲವಾದರೆ ಫೈಲನ್ನು ಮರಳಿ ತರಲು ಹೋಗಬೇಡಿ. ನಂಬಿಕೆಯದಾದರೆ ಆ ಪ್ರೋಗ್ರಾಂ ಅನ್ನು ಪೂರ್ತಿ ತೆಗೆದು, ತಯಾರಕರ ತಾಣದಿಂದ ಹೊಸದಾಗಿ ಹಾಕಿ.

ವಿಂಡೋಸ್‌ನದೇ ಫೈಲ್ ಕೆಟ್ಟಿದ್ದರೆ, ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಫ್‌ಸಿ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ (/) ಹಾಕಿ, ಅದಕ್ಕಂಟಿಸಿ ಸ್ಕ್ಯಾನ್‌ನೌ ಎಂದು ಸೇರಿಸಿ ಎಂಟರ್ ಒತ್ತಿ. ಪರಿಶೀಲನೆ ನೂರು ಪ್ರತಿಶತ ಮುಗಿಯುವವರೆಗೆ ಕಿಟಕಿ ಮುಚ್ಚಬೇಡಿ. ಬಳಿಕ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಪ್ರೋಗ್ರಾಂ ತೆರೆದು ನೋಡಿ.